ಪೊದೆಯಲ್ಲಿ ಅಲುಗಿದ ಬಿಳಿ ಗಂಟು

೧೯೮೪ರ ಆಗಸ್ಟ್ ತಿಂಗಳು. ಅಮೆರಿಕದ ನೆವಾರ್ಕಿನ ಅಂಗಡಿಯೊಂದರಲ್ಲಿ ಬೆನ್ನಿಗೆ ಹಾಕುವ ಬ್ಯಾಗುಗಳ ಮುಂದೆ ನಾವು ಮೂವರು ನಿಂತಿದ್ದೆವು: ನಾನು, ನನ್ನ ಹೆಂಡತಿ ಸುಮತಿ, ನಮ್ಮ ಆಫೀಸಿನ ಫ್ರ್ಯಾಂಕ್. ಅಜ್ಜನ ಬೇಟೆಯ ಕಥೆ ಕೇಳಿ ಬೆಳೆದ ನನಗೆ ಒಮ್ಮೆಯಾದರೂ ಜಿಂಕೆ ಬೇಟೆಗೆ ಹೋಗುವ ಹುಚ್ಚು ಹತ್ತಿತ್ತು. ಫ್ರ್ಯಾಂಕ್ ಬಿಲ್ಲು ಹಿಡಿದು ಬೇಟೆಯಾಡುವವನು. ಅಗಲವಾದ ಪಟ್ಟಿಯನ್ನು ಸೊಂಟಕ್ಕೆ ಬಿಗಿದು, ಅದನ್ನು ಮರಕ್ಕೆ ಕಟ್ಟಿ, ಉಯ್ಯಾಲೆಯಲ್ಲಿ ಕೂತಂತೆ ಮರದ ಮೇಲೆ ಕೂರುತ್ತಿದ್ದ. ಅದಕ್ಕೆ ಟ್ರೀ ಸ್ಯಾಡಲ್ ಎನ್ನುತ್ತಾರೆ.

"ಬ್ಯಾಗು ಚಿಕ್ಕದಿರಲಿ. ಸದ್ದು ಮಾತ್ರ ಮಾಡಬಾರದು" ಎಂದ ಫ್ರ್ಯಾಂಕ್.

ಸುಮತಿ ಕೆಂಪು ಬ್ಯಾಗೊಂದನ್ನು ಎತ್ತಿದಳು. "ಇದು ತಗೊಳ್ರೀ, ಕಾಡಲ್ಲಿ ಬಿದ್ದೋದ್ರೂ ಕಾಣತ್ತೆ."

"ಬೇಟೆಗೆ ಹೊರಟಿದೀನಿ ಕಣೇ, ಮದುವೆ ದಿಬ್ಬಣಕ್ಕಲ್ಲ" ಎಂದು ನಾನು ಕಂದು ಬಣ್ಣದ್ದನ್ನೇ ಕೊಂಡೆ.

ಅಕ್ಟೋಬರಿನಲ್ಲಿ ಬೇಟೆಯ ಕಾಲ ಶುರುವಾದಾಗ, ಒಂದು ಶುಕ್ರವಾರ ಸಂಜೆ ಬ್ಯಾಗು ತುಂಬಲು ಕೂತೆವು. ತಳದಲ್ಲಿ ಸ್ವೆಟರು, ಅದರ ಮೇಲೆ ಹಗ್ಗ, ಚಾಕು, ನೀರಿನ ಬಾಟಲಿ. ಎಲ್ಲಕ್ಕಿಂತ ಮೇಲೆ ಚಿತ್ರಾನ್ನದ ಸ್ಟೀಲ್ ಡಬ್ಬಿ. ಬ್ಯಾಗು ಎತ್ತಿದರೆ ಟಣ್ ಎಂದಿತು. ಸುಮತಿ ನನ್ನ ಹಳೆಯ ಪಂಚೆಯ ತುಂಡೊಂದನ್ನು ಡಬ್ಬಿಗೆ ಸುತ್ತಿ ಗಂಟು ಹಾಕಿದಳು. "ಈಗ ಅಲ್ಲಾಡಿಸಿ ನೋಡಿ." ಸದ್ದೇ ಇಲ್ಲ. ಗಂಟಿನ ಬಿಳಿ ತುದಿ ಮಾತ್ರ ಬ್ಯಾಗಿನ ಬಾಯಿಂದ ಹೊರಗೆ ಇಣುಕುತ್ತಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಫ್ರ್ಯಾಂಕನ ಪರಿಚಯದವರೊಬ್ಬರ ಗುಡ್ಡ ತಲುಪಿದ್ದೆವು. ಮೊದಲು ಬರಿಗೈಯಲ್ಲಿ ಮರ ಹತ್ತಿ, ಪಟ್ಟಿಯಲ್ಲಿ ಕೂತು, ಆಮೇಲೆ ಬ್ಯಾಗನ್ನು ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ನಾನು ಎಳೆದೆ. ಬ್ಯಾಗು ಬುಡದ ಪೊದೆಗೆ ಸಿಕ್ಕಿಕೊಂಡಿತು.

"ತಡಿ, ಬಿಡಿಸ್ತೀನಿ" ಎಂದು ಫ್ರ್ಯಾಂಕ್ ಪೊದೆಯೊಳಗೆ ನುಗ್ಗಿ ಬಗ್ಗಿದ. ಪೊದೆ ಅಲುಗಿತು. ಆ ಬಿಳಿ ಗಂಟು ಮೇಲೆ ಕೆಳಗೆ ಕುಣಿಯಿತು. ಅಲ್ಲಿನ ಜಿಂಕೆಗಳ ಹಾಗೆಯೇ ಕಂದು ಮೈ, ಬಿಳಿ ಬಾಲ. ನನ್ನ ಕಣ್ಣಿಗೇ ಅದು ಜಿಂಕೆಯ ಹಿಂಭಾಗದಂತೆ ಕಂಡಿತು.

ಆಗಲೇ ಇಳಿಜಾರಿನಲ್ಲಿ ಇನ್ನೊಬ್ಬ ಬೇಟೆಗಾರ ಕಾಣಿಸಿದ. ಬಂದೂಕು ಭುಜಕ್ಕೇರಿತ್ತು. ನಳಿಗೆ ನೇರ ಪೊದೆಯ ಕಡೆಗೆ. ಆತ ಮೇಲೆ ನೋಡಲೇ ಇಲ್ಲ. ಹಾರೋಣವೆಂದರೆ ಮರಕ್ಕೆ ಕಟ್ಟಿಹಾಕಿದ ಹಾಗೆ ತೂಗುತ್ತಿದ್ದೇನೆ. ಕೊನೆಗೆ ಹೊಟ್ಟೆಯ ಆಳದಿಂದ ಕೂಗು ಹೊರಟಿತು, ಅದೂ ಕನ್ನಡದಲ್ಲಿ.

"ಹೊಡೀಬೇಡ್ವೋ! ಒಳಗೆ ಮನುಷ್ಯ ಇದಾನೋ!"

ಆತ ಬೆಚ್ಚಿಬಿದ್ದ. ನಳಿಗೆ ಮೇಲೆದ್ದು ಢಂ ಎಂದಿತು. ನನ್ನ ತಲೆಯ ಮೇಲಿನ ಎಲೆಗಳು ಉದುರಿದವು. ಫ್ರ್ಯಾಂಕ್ ಎರಡೂ ಕೈ ಎತ್ತಿಕೊಂಡು ಪೊದೆಯಿಂದ ಹೊರಗೆ ಬಂದ. ಗುಂಡು ಹಾರಿಸಿದವನು ಅರವತ್ತು ದಾಟಿದ ಮನುಷ್ಯ. ಬಂದೂಕನ್ನು ನೆಲಕ್ಕಿಟ್ಟು, "ಬಾಲ ಕಂಡೆ, ಬಾಲ ಕಂಡೆ" ಎನ್ನುತ್ತ ಕೂತು ಅತ್ತುಬಿಟ್ಟ. ನನಗೆ ಮರದಿಂದ ಇಳಿಯಲು ಅರ್ಧ ಗಂಟೆ ಹಿಡಿಯಿತು.

ಮನೆಗೆ ಬಂದು "ಒಂದೂ ಸಿಗಲಿಲ್ಲ" ಎಂದಷ್ಟೇ ಹೇಳಿದೆ. ಬ್ಯಾಗಿನ ಬಣ್ಣ ಆರಿಸಿದ್ದು ನಾನು, ಆದರೆ ಬಟ್ಟೆ ಸುತ್ತಿದ್ದು ಅವಳ ಕೈ. ಹೇಗೆ ಹೇಳಲಿ? ಇಂದಿಗೂ ಗಿಡಗಳ ನಡುವೆ ಬಿಳಿಯದೇನಾದರೂ ಅಲುಗಿದರೆ ನಾನು ಅಲ್ಲೇ ನಿಂತುಬಿಡುತ್ತೇನೆ.

ಆ ವರ್ಷದ ದೀಪಾವಳಿಗೆ ಫ್ರ್ಯಾಂಕ್ ನಮ್ಮಲ್ಲಿ ಊಟಕ್ಕೆ ಬಂದ. ನಾನು ಎಷ್ಟು ಕಣ್ಸನ್ನೆ ಮಾಡಿದರೂ ಕೇಳದೆ, ನಗುನಗುತ್ತ ಎಲ್ಲವನ್ನೂ ಹೇಳಿಬಿಟ್ಟ. ಸುಮತಿ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಅವನು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.