ದಿಬ್ಬಣದ ತಮಟೆ

ವಿದೇಶಗಳ ಆರ್ಕೆಸ್ಟ್ರಾಗಳಿಗೆ ಸಂಗೀತ ಬರೆಯುವುದು, ಅವರ ಮುಂದೆ ನಿಂತು ಕೋಲು ಬೀಸುವುದು ನನ್ನ ಕಸುಬು. ನನಗೆ ಹೆಸರು ತಂದುಕೊಟ್ಟದ್ದು ‘ಮದುವೆ ದಿಬ್ಬಣ’ ಅನ್ನುವ ಕೃತಿ. ಅದರ ತಾಳ ಚಿಕ್ಕಂದಿನಲ್ಲಿ ನಂಜನಗೂಡಿನಲ್ಲಿ ಕೇಳಿದ ತಮಟೆಯದು. ಅದು ಮುಗಿಯುವ ಹೊತ್ತಿಗೆ ಎಲ್ಲ ಊರಲ್ಲೂ ಜನ ಎದ್ದು ಚಪ್ಪಾಳೆ ಹೊಡೆಯುತ್ತಾರೆ.

ಈ ಸಲ ಊರಿಗೆ ಬಂದಾಗ ತಗಡೂರಿನ ಕಡೆ ತಮಟೆ ಬಾರಿಸುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ. ಅವರಿಗೆ ಖುಷಿಯಾಗಲಿ ಅಂತ ಮೊಬೈಲಿನಲ್ಲಿ ನನ್ನ ಆ ಕೃತಿಯನ್ನು ಹಾಕಿದೆ. ಖುಷಿಗಿಂತ ಜಂಬವೇ ಜಾಸ್ತಿ ಅನ್ನಿ. ಅರ್ಧ ನಿಮಿಷ ಕೇಳಿದವರು ಬೀಡಿ ಆರಿಸಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಎದ್ದು ನಿಂತರು. ಇಲ್ಲೂ ಎದ್ದರಲ್ಲ ಅಂತ ಉಬ್ಬಿಹೋದೆ.

“ಯಾರು ಸಾ ತೀರ್ಕೊಂಡೋರು?” ಅಂದರು.

“ಯಾರೂ ಇಲ್ಲ. ಇದು ಮದುವೇದು.”

“ಅಯ್ಯೋ, ಇದು ಎಣ ಎತ್ತುವಾಗ ಬಾರ್ಸೋದು ಸಾ. ಮದ್ವೇದೇ ಬ್ಯಾರೆ. ನಿಮ್ಮನೆ ಎಲ್ಲಿತ್ತು?”

“ದೇವಸ್ಥಾನದ ಬೀದೀಲಿ.”

“ಅದಕ್ಕೇ ಮತ್ತೆ. ಅಲ್ಲಿ ನಾವು ಬಂದ್ರೆ ಬಾಗ್ಲು ಆಕ್ಕೊಳ್ಳೋರು.”

ಹೌದು. ಅಜ್ಜಿ ಅಗುಳಿ ಹಾಕುತ್ತಿದ್ದರು. ಬಾಗಿಲ ಹಿಂದೆ ನಾನು, ಮದುವೆ ದಿಬ್ಬಣ ಅಂದುಕೊಂಡು, ಆ ಸದ್ದಿಗೆ ಕುಣಿಯುತ್ತಿದ್ದೆ. ದೊಡ್ಡವನಾದ ಮೇಲೂ ಬಾಗಿಲು ತೆಗೆದು, ಇದೇನು ಅಂತ ಬಾರಿಸುವವರನ್ನು ಒಂದು ಮಾತು ಕೇಳಲಿಲ್ಲ. ತಲೆ ಎತ್ತಲಾಗಲಿಲ್ಲ ನನಗೆ.

“ಓಗ್ಲಿ ಬುಡಿ ಸಾ,” ಅಂತ ಅವರೇ ಸಮಾಧಾನ ಮಾಡಿದರು. “ಆ ದೇಸ್ದೋರಿಗೇನು ಗೊತ್ತಾಯ್ತದೆ?”

ಹೋದ ವರ್ಷ ಗೆಳೆಯನ ಮಗಳ ಮದುವೆಯಲ್ಲೂ ಅದನ್ನೇ ನುಡಿಸಿದ್ದೆವು. ಕಾರು ಹತ್ತಿದವನೇ ಅವನಿಗೆ ಫೋನ್ ಮಾಡಿ, ಗಂಡ ಹೆಂಡತಿ ಚೆನ್ನಾಗಿದ್ದಾರಾ ಅಂತ ವಿಚಾರಿಸಿದೆ.