ನರ್ಸಮ್ಮ ಬರೆದ ಬಸಿರಿನ ಪುಸ್ತಕ

ನರ್ಸಮ್ಮನ ಬಲಗೈ ಹೆಬ್ಬೆರಳು ಸದಾ ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ವಕ್ಕಲೇರಿ ಸುತ್ತಲಿನ ಮಕ್ಕಳ ಬಾಯಿಹುಣ್ಣಿಗೆಲ್ಲ ಔಷಧಿ ಹಚ್ಚಿದ ಬೆರಳದು. ಅವರು ಮುಳಬಾಗಿಲ ಕಡೆಯವರು; ನನ್ನನ್ನು "ರಾ ತಲ್ಲಿ" (ಬಾ ತಾಯಿ) ಎಂದು ತೆಲುಗಿನಲ್ಲೇ ಕರೆಯುತ್ತಿದ್ದರು, ಎದುರಿಗೆ ಬಂದು, ಮೆಲ್ಲಗೆ. ಯಾರಾದರೂ ಬಾಗಿಲು ದೂಡಿದರೂ ಬೆಚ್ಚಿ ಲಂಗ ಒದ್ದೆ ಮಾಡಿಕೊಳ್ಳುವ ಹುಡುಗಿ ನಾನು.

"ಇವಳ ಗ್ರಹಚಾರ" ಎನ್ನುತ್ತಿದ್ದಳು ಅಜ್ಜಿ.

"ಗ್ರಹಚಾರ ಅಲ್ಲ ಕಣಮ್ಮ, ನಿನ್ನ ಮಗ! ಈ ಮಗು ಹೊಟ್ಟೇಲಿದ್ದಾಗ್ಲೇ ಹೆದರೋದು ಕಲಿತದೆ" ಎನ್ನುತ್ತಿದ್ದರು ನರ್ಸಮ್ಮ.

ಎಪ್ಪತ್ತರ ದಶಕದ ನಮ್ಮೂರಲ್ಲಿ ಹಾಗೆ ಹೇಳುವ ಧೈರ್ಯ ಅವರೊಬ್ಬರಿಗೇ ಇತ್ತು. ಪ್ರತಿ ಬಸುರಿಯ ಊಟ, ನಿದ್ದೆ, ಅಳು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಏಟು ಬಿದ್ದ ದಿನಕ್ಕೆ ಬರೀ ಕತ್ತರಿ ಗುರುತು, ಮನೆಯ ಗುಟ್ಟು ರಟ್ಟಾಗಬಾರದೆಂದು. ಹುಟ್ಟಿದ ಮಗು ಶಾಲೆಗೆ ಸೇರಿದ ಮೇಲೂ ಹೋಗಿ ನೋಡಿ, ಅದು ಹೇಗೆ ಮಲಗುತ್ತದೆ, ಯಾವುದಕ್ಕೆ ಅಂಜುತ್ತದೆ ಎಂದು ಅದೇ ಪುಟದ ಕೆಳಗೆ ಸೇರಿಸುತ್ತಿದ್ದರು.

ಬೆಂಗಳೂರಿನ ದೊಡ್ಡ ಡಾಕ್ಟರೊಬ್ಬರು ಓದಿ ಕೊಡುತ್ತೇನೆಂದು ಆ ಪುಸ್ತಕ ಒಯ್ದರು. ಕೇಳಿದಾಗ "ಎಲ್ಲೋ ಕಳೆದುಹೋಯ್ತಮ್ಮ" ಎಂದರು. ಮರುವರ್ಷ ಅದೆಲ್ಲ ಅವರ ಸಂಶೋಧನೆಯಾಗಿ, ಕತ್ತರಿ ಗುರುತಿನ ಸಮೇತ ಅಚ್ಚಾಯಿತು. ನರ್ಸಮ್ಮ ಅಳಲಿಲ್ಲ. ಡಾಕ್ಟರು ಭಾಷಣಕ್ಕೆ ಕೋಲಾರಕ್ಕೆ ಬರುವ ತನಕ ಕಾದು, ಅಮ್ಮನನ್ನೂ ನನ್ನನ್ನೂ ಬಸ್ಸು ಹತ್ತಿಸಿದರು.

"ಎಲ್ಲರ ಎದುರಿಗೆ ಹೇಳ್ತೀಯಾ?"

"ಹೇಳ್ತೀನಿ ಕಣಕ್ಕ. ನಮ್ಮೆಜಮಾನ್ರ ಕಿವಿಗೂ ಬೀಳ್ಲಿ" ಎಂದಳು ಅಮ್ಮ.

ಭಾಷಣ ಮುಗಿದಾಗ ನರ್ಸಮ್ಮ ಎದ್ದರು. "ಈ ಕತ್ತರಿ ಗುರುತು ಏನು ಸಾರ್?"

"ಊಟ ಸಿಗದ ದಿನಗಳು. ತಾಯಂದಿರನ್ನ ನಾನೇ ಕೇಳಿ ಹಾಕಿದ್ದು."

"ನೀವು ಕೇಳಿದೆ ಅನ್ನೋ ವಕ್ಕಲೇರಿ ತಾಯಿ ಒಬ್ರು ಇಲ್ಲೇ ಇದ್ದಾರೆ."

ಅಮ್ಮ ನಿಂತಳು. "ನಿಮ್ಮನ್ನ ನಾನು ಇವತ್ತೇ ನೋಡ್ತಿರೋದು ಸಾಮಿ. ಮುದ್ದೆ ಹೊಟ್ಟೆ ತುಂಬ ತಿಂದಿದ್ದೆ. ಅವೆಲ್ಲ ನನ್ನ ಗಂಡ ಹೊಡೆದ ದಿನಗಳು."

ಡಾಕ್ಟರು ಬೆಚ್ಚಿ ಹಿಂದೆ ಸರಿದರು, ಹಾಳೆಗಳು ನೆಲಕ್ಕೆ ಬಿದ್ದವು. ಬೆಚ್ಚುವುದು ಹೇಗಿರುತ್ತದೆಂದು ಆ ಮನುಷ್ಯನಿಗೂ ಗೊತ್ತಾಯಿತಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ವಾರದೊಳಗೆ ನರ್ಸಮ್ಮನನ್ನು ಶ್ರೀನಿವಾಸಪುರದ ಮೂಲೆಯ ಹಳ್ಳಿಯೊಂದಕ್ಕೆ ವರ್ಗ ಮಾಡಿ ಎತ್ತಿಹಾಕಿದರು. "ಮುಯ್ಯಿ ತೀರ್ತು. ಬಸುರೀರು ಎಲ್ಲಾ ಕಡೆ ಇರ್ತಾರೆ" ಎಂದು ನಕ್ಕು ಹೋದರು. ಅಲ್ಲಿ ಹೊಸ ಪುಸ್ತಕ ಶುರು ಮಾಡಿದರು.

ಎಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡಾಗ ಡಾಕ್ಟರ ಕಡೆಯಿಂದ ಆಳೆತ್ತರದ ಹಾರ ಬಂತು, "ನನ್ನ ಸಹಾಯಕಿಗೆ" ಎಂಬ ಚೀಟಿಯೊಂದಿಗೆ. ಕೊನೆಯ ದರ್ಶನಕ್ಕೆ ಹೋಗಿದ್ದ ಅಮ್ಮ ಅದನ್ನು ನರ್ಸಮ್ಮನ ಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಎದುರುಮನೆ ಎಮ್ಮೆಯ ಮುಂದೆ ಎಸೆದಳು. ಅದು ಕೊನೆಯ ಹೂವು ಅಗಿದು ನುಂಗುವ ತನಕ ನಾನು ಅಲ್ಲೇ ನಿಂತು ನೋಡಿದೆ.