ಹಿಮ್ಮಡಿ ಬೆಚ್ಚಗೆ ಮಾಡುತ್ತಿದ್ದ ನರ್ಸಕ್ಕ

ಗಂಗಾವತಿಯ ಆಸ್ಪತ್ರೆಯಲ್ಲಿ ನನ್ನ ಮಗಳನ್ನು ನೋಡಿಕೊಂಡ ನರ್ಸಕ್ಕ, ಸೂಜಿ ಚುಚ್ಚುವ ಮೊದಲು ಕೂಸಿನ ಹಿಮ್ಮಡಿಯನ್ನು ತಮ್ಮ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಆಮೇಲೆ ಒಂದೇ ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಿದ್ದರು. "ಎರಡು ತಾಸಿಗೊಮ್ಮೆ ಹಾಲು, ಮರೀಬ್ಯಾಡ್ರಿ" ಎಂದು ವಾರ್ಡಿನ ತಾಯಂದಿರಿಗೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದರು.

ಬಸುರಿಯಿದ್ದಾಗ ನನಗೆ ತಿಂದದ್ದೇನೂ ದಕ್ಕುತ್ತಿರಲಿಲ್ಲ. ನಮ್ಮೂರು ನವಲಿಯ ಗದ್ದೆಯಲ್ಲಿ ನಾಟಿಯ ಕೆಲಸವನ್ನೂ ಬಿಟ್ಟಿರಲಿಲ್ಲ. ಮಗಳು ಎರಡು ಕಿಲೋ ಕೂಡ ತೂಗಲಿಲ್ಲ. ಮೊದಲ ದಿನವೇ ಸಕ್ಕರೆ ಇಳಿದು ಅವಳ ಕೈಕಾಲು ನಡುಗತೊಡಗಿದವು.

"ಉಣ್ಣು ಅಂದ್ರ ಉಣ್ಣಲಿಲ್ಲ, ನೋಡ್ರಿ ಈಗ!" ಎಂದು ನನ್ನ ಅತ್ತೆ ಅಳುತ್ತಾ ಬೈದರು.

ನರ್ಸಕ್ಕ ಕೂಸಿಗೆ ಡ್ರಿಪ್ ಹಾಕುತ್ತಲೇ ಹೇಳಿದರು: "ಆಕಿಗೆ ಬೈಬ್ಯಾಡ್ರಿ, ಅವ್ವಾರ. ಹೊಟ್ಯಾಗ ಊಟ ಕಮ್ಮಿ ಬಿದ್ದ ಕೂಸಿನ ಮೈಯಾಗ ಸಕ್ಕರಿ ಕೂಡಿಟ್ಟಿರಂಗಿಲ್ಲ. ಅದನ್ನ ಹದಕ್ಕ ಇಡೋ ಇನ್ಸುಲಿನ್ನೂ ಏರುಪೇರಾಗಿರತೈತಿ. ನಾಕು ದಿನ ತಡೀರಿ."

"ನಾ ಏನ್ ಮಾಡ್ಲಿ ಹೇಳ್ರಿ," ಎಂದರು ಅತ್ತೆ.

ಹೊಲಿಗೆಯ ನೋವಿಗೆ ನಾನು ಏಳಲಾರದೆ ಮಲಗಿದ್ದೆ. ಕೂಸಿನ ನಡುಕ ನಿಂತ ಮೇಲೆ ನರ್ಸಕ್ಕ ಅದನ್ನು ಅತ್ತೆಯ ಎದೆಗೆ ಒರಗಿಸಿ ಸೆರಗು ಹೊದಿಸಿದರು. "ಹಿಂಗ ಬೆಚ್ಚಗ ಹಿಡ್ಕೊಂಡು ಕೂಡ್ರಿ."

ನಾಲ್ಕನೆಯ ದಿನ, ಡ್ರಿಪ್ ತೆಗೆದ ಮೇಲೂ, ನೋಡಿದ ಮೂರು ಸಲವೂ ಸಕ್ಕರೆ ಸರಿಯಾಗಿ ಬಂತು. ನರ್ಸಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೂಸು ಗೆದ್ದೈತ್ರಿ," ಎಂದು ನಕ್ಕರು.

ಅತ್ತೆ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಮೊದಲ ತುತ್ತನ್ನು ನರ್ಸಕ್ಕನ ಬಾಯಿಗಿಟ್ಟರು, ಎರಡನೆಯದನ್ನು ನನಗೆ.